3 ವರ್ಷದ ಮಗೂಗೆ ಕನ್ನಡದಲ್ಲಿ ಹೊಸ ಚಿತ್ರಪುಸ್ತಕ ಎಲ್ಲಿ ಸಿಗುತ್ತೆ, ಯಾವ್ದು ಚೆನ್ನಾಗಿದೆ?

ಪುಟ್ಟಿಯಮ್ಮ_ವಿಜಯನಗರ:

ಎಲ್ರಿಗೂ ನಮಸ್ಕಾರ. ನನ್ ಮಗಳಿಗೆ ಹೋದ ತಿಂಗಳು 3 ತುಂಬ್ತು. ರಾತ್ರಿ ಮಲಗೋ ಮುಂಚೆ ಎರಡು ಪುಸ್ತಕ ಓದ್ಲೇಬೇಕು, ಇಲ್ದಿದ್ರೆ ನಿದ್ದೆ ಇಲ್ಲ. ಆದ್ರೆ ಆ ಎರಡೂ ಇಂಗ್ಲಿಷ್‌ದೇ ಆಗಿರುತ್ತೆ. ಮೊನ್ನೆ ಕೂತು ಎಣಿಸಿದೆ, ಮನೇಲಿ ಇಂಗ್ಲಿಷ್ ಪುಸ್ತಕ 22, ಕನ್ನಡದ್ದು 3. ಆ ಮೂರರಲ್ಲಿ ಒಂದು ಅ ಅಗಸ ಆ ಆನೆ, ಒಂದು ಹಣ್ಣು ತರಕಾರಿ ಹೆಸರಿಂದು, ಇನ್ನೊಂದು ನೀತಿಕಥೆ ಪುಸ್ತಕ. ನೀತಿಕಥೆದ್ರಲ್ಲಿ ಒಂದು ಪುಟಕ್ಕೆ ಇಪ್ಪತ್ತು ಸಾಲು, ಮೂಲೇಲಿ ಬೆಂಕಿಪೊಟ್ಟಣದಷ್ಟು ಚಿತ್ರ, ಕೊನೇಲಿ ದಪ್ಪಕ್ಷರದಲ್ಲಿ ನೀತಿ. ನಾನು ಮೂರನೇ ಸಾಲಿಗೆ ಬರೋಷ್ಟ್ರಲ್ಲಿ ಅವಳು ಪುಟ ತಿರುಗಿಸಿ ಆಗಿರುತ್ತೆ.

ಇದು ಯಾಕೆ ಇಷ್ಟು ತಲೆಗೆ ಹತ್ತಿದೆ ಅಂದ್ರೆ, ಹೋದ ತಿಂಗಳು ಅಮ್ಮನ ಮನೆಗೆ ಹೋಗಿದ್ವಿ, ಹಿತ್ತಲಲ್ಲಿ ನುಗ್ಗೆಮರದ ಕಾಂಡದ ತುಂಬ ಕಂಬಳಿಹುಳ. ಇವಳು ಓಡಿ ಬಂದು ಅಜ್ಜಿ ಕ್ಯಾಟರ್‌ಪಿಲ್ಲರ್ ಕ್ಯಾಟರ್‌ಪಿಲ್ಲರ್ ಅಂದ್ಲು. ಅಮ್ಮ ಕಂಬಳಿಹುಳ ಕಣೇ ಮುಟ್ಟಬೇಡ ತುರಿಸುತ್ತೆ ಅಂದ್ರು, ಆ ಪದ ಇವಳಿಗೆ ಗೊತ್ತೇ ಇಲ್ಲ. ನಾವು ಮನೇಲಿ ಪೂರ್ತಿ ಕನ್ನಡಾನೇ ಮಾತಾಡೋದು, ಆದ್ರೆ ಸಿಟೀಲಿ ಕಣ್ಣಿಗೆ ಬೀಳದೇ ಇರೋ ಪ್ರಾಣಿ ಹುಳ ಮರ ಎಲ್ಲ ಅವಳಿಗೆ ಪುಸ್ತಕದಿಂದಾನೇ ಗೊತ್ತಾಗಿರೋದು, ಪುಸ್ತಕ ಯಾವ ಭಾಷೇಲಿದ್ಯೋ ಆ ಹೆಸರೇ ಕೂತಿದೆ. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಹೋದ ಭಾನುವಾರ ಒಂದು ಪುಸ್ತಕದಂಗಡಿಗೆ ಹೋಗಿ ಕೇಳಿದ್ರೆ ಕಾಪಿ ರೈಟಿಂಗ್ ಪುಸ್ತಕ ತೋರಿಸಿ ಚಿಕ್ಕಮಕ್ಕಳಿಗೆ ಕನ್ನಡದಲ್ಲಿ ಇದೇ ಬರೋದು ಮೇಡಂ ಅಂದ್ರು. ಆನ್‌ಲೈನ್‌ನಲ್ಲಿ ಒಂದು ತರಿಸಿದೆ, ಚಿತ್ರ ತುಂಬಾ ಚೆನ್ನಾಗಿದೆ ಆದ್ರೆ ಕನ್ನಡ ಒಡೆದುಹೋಗಿದೆ, ಒತ್ತಕ್ಷರ ಕೆಳಗೆ ಬರೋ ಬದ್ಲು ಪಕ್ಕದಲ್ಲಿ ಅರ್ಧ ಅಕ್ಷರ ಪೂರ್ತಿ ಅಕ್ಷರ ಅಂತ ಬಿದ್ದಿದೆ. ಅಮ್ಮ ಅನ್ನೋ ಪದಾನೇ ಸರಿಯಾಗಿಲ್ಲ!

ನನಗೆ ಬೇಕಾಗಿರೋದು, ಪುಟ ತುಂಬ ಚಿತ್ರ, ಪುಟಕ್ಕೆ ಒಂದೆರಡು ಸಾಲು, ಕಥೆ ಇರ್ಬೇಕು, ಈಗಿನ ಮಕ್ಕಳ ಮನೆ ಬೀದಿ ಥರ ಇರೋ ಹೊಸ ಪುಸ್ತಕ. ದಪ್ಪ ರಟ್ಟಿನ ಪುಟ ಇರೋ ಬೋರ್ಡ್ ಬುಕ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಒಂದು ವರ್ಷದ ತಮ್ಮನೂ ಇದ್ದಾನೆ, ಅವನು ಎಲ್ಲಾ ಬಾಯಿಗೇ ಹಾಕ್ತಾನೆ. ಇದರ ಜೊತೆಗೆ ಅತ್ತೆಯವರು ಹಾಸನದಿಂದ ಫೋನ್ ಮಾಡ್ದಾಗೆಲ್ಲ ಅಕ್ಷರ ಶುರು ಮಾಡಿದ್ಯಾ ಅಂತ ಕೇಳ್ತಾರೆ, ಅದಕ್ಕೂ ಏನಾದ್ರೂ ಹೇಳಿ.

ಓದುಗ_ಮಲ್ಲೇಶ್ವರಂ:

ಮೇಡಂ, ಪುಸ್ತಕ ಇದಾವೆ, ಅಂಗಡಿಯವರು ಎದುರಿಗೆ ಇಡಲ್ಲ ಅಷ್ಟೇ. ನನಗೆ ಇಬ್ರು ಮಕ್ಕಳು, ಈಗ 7 ಮತ್ತು 4, ಐದು ವರ್ಷದಿಂದ ಹುಡುಕಿ ಹುಡುಕಿ ಒಂದು ಶೆಲ್ಫ್ ತುಂಬಿದೆ.

ಮೊದಲು ಪ್ರಥಮ್ ಬುಕ್ಸ್. ನಮ್ಮ ಬೆಂಗಳೂರಿಂದೇ, 2004ರಲ್ಲಿ ಶುರುವಾಗಿದ್ದು, ಲಾಭಕ್ಕಲ್ಲದ ಸಂಸ್ಥೆ. ಒಂದೇ ಪುಸ್ತಕ ಕನ್ನಡ ಸೇರಿ ಹಲವು ಭಾಷೇಲಿ ತರ್ತಾರೆ, ತೆಳ್ಳಗಿನ ಪುಸ್ತಕ, ಬೆಲೆ ಕಮ್ಮಿ. ಹಿಂದಿನ ಕವರಿನ ಮೇಲೆ ಲೆವೆಲ್ ಹಾಕಿರ್ತಾರೆ 1 ರಿಂದ 4. ನಿಮ್ ಮಗಳಿಗೆ ಲೆವೆಲ್ 1 ನೋಡಿ, ಪೂರ್ತಿ ಪುಸ್ತಕ 250 ಪದದ ಒಳಗೇ ಮುಗಿಯುತ್ತೆ. ಲೆವೆಲ್ 2 ಸುಮಾರು 600 ಪದದವರೆಗೆ, ಅದು ಓದಿ ಹೇಳೋಕೆ ಚೆನ್ನಾಗಿರುತ್ತೆ ಆದ್ರೆ ನಾಲ್ಕು ವರ್ಷ ಆಗ್ಲಿ.

ಅವ್ರದ್ದೇ ಸ್ಟೋರಿವೀವರ್ ಅಂತ ವೆಬ್‌ಸೈಟ್ ಇದೆ, 2015ರಿಂದ. ದುಡ್ಡು ಕೊಡೋ ಹಾಗಿಲ್ಲ. ಭಾಷೆ ಕನ್ನಡ, ಲೆವೆಲ್ 1 ಅಂತ ಹಾಕಿ ಹುಡುಕಿ. ಒಂದು ವಿಷಯ ಮಾತ್ರ ನೆನಪಿಟ್ಕೊಳ್ಳಿ, ಅಲ್ಲಿ ಯಾರು ಬೇಕಾದ್ರೂ ಕಥೆ ಬರೆದು ಹಾಕಬಹುದು, ಅನುವಾದ ಮಾಡಬಹುದು, ಹಾಗಾಗಿ ಎಲ್ಲಾ ಒಂದೇ ಮಟ್ಟದಲ್ಲಿ ಇರಲ್ಲ. ನಾನು ಮೊದಲು ಮೊದಲು ಸಿಕ್ಕಿದ್ದೆಲ್ಲ ಡೌನ್‌ಲೋಡ್ ಮಾಡಿ ಅರ್ಧಕ್ಕರ್ಧ ಬಿಟ್ಟೆ. ಈಗ ಪ್ರಕಾಶಕರು ಯಾರು ಅಂತ ನೋಡಿ ತಗೋತೀನಿ.

ಎರಡನೇದು ತೂಲಿಕಾ, ಚೆನ್ನೈನವರು, 1996ರಿಂದ ಮಾಡ್ತಿದಾರೆ, ಒಂಬತ್ತು ಭಾಷೆ ಅದ್ರಲ್ಲಿ ಕನ್ನಡಾನೂ ಇದೆ. ಅವ್ರಲ್ಲಿ ದ್ವಿಭಾಷಾ ಪುಸ್ತಕ ಸಿಗುತ್ತೆ, ಒಂದೇ ಪುಟದಲ್ಲಿ ಕನ್ನಡ ಮತ್ತೆ ಇಂಗ್ಲಿಷ್. ಅಪ್ಪ ಅಮ್ಮ ಬೇರೆ ಬೇರೆ ಭಾಷೆಯವ್ರಾಗಿದ್ರೆ ಇದು ದೊಡ್ಡ ಉಪಕಾರ. ಆದ್ರೆ ನಿಮ್ಮ ಥರ ಇಬ್ರೂ ಕನ್ನಡದೋರೇ ಆದ್ರೆ ನಾನು ಬರೀ ಕನ್ನಡದ್ದೇ ತಗೊಳ್ಳಿ ಅಂತೀನಿ, ಇಲ್ದಿದ್ರೆ ಸುಸ್ತಾದ ದಿನ ಕಣ್ಣು ತಾನಾಗೇ ಇಂಗ್ಲಿಷ್ ಸಾಲಿಗೆ ಹೋಗುತ್ತೆ. ನಮ್ಮನೇಲಿ ಹಾಗೇ ಆಗಿದ್ದು.

ಮೂರನೇದು ನ್ಯಾಷನಲ್ ಬುಕ್ ಟ್ರಸ್ಟ್, 1957ರಿಂದ ಇರೋ ಸರ್ಕಾರಿ ಸಂಸ್ಥೆ. ಅವ್ರ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದಲ್ಲೂ ಸುಮಾರು ಬಂದಿದೆ. ಎಲ್ಲಾ ಹೊಸದಲ್ಲ, ಕೆಲವು ನಾವು ಚಿಕ್ಕವರಿದ್ದಾಗ ನೋಡಿದ್ದೇ, ಆದ್ರೆ ಚಿತ್ರ ಬಿಡಿಸಿರೋರು ಕೈಯಲ್ಲಿ ಬಿಡಿಸಿರೋದು ಕಾಣುತ್ತೆ, ಅದು ನನಗೆ ತುಂಬಾ ಇಷ್ಟ.

ಕೊಳ್ಳೋಕೆ ಗಾಂಧಿನಗರದ ಸಪ್ನ, ನವಕರ್ನಾಟಕ, ಗಾಂಧಿಬಜಾರಿನ ಅಂಕಿತ ಮೂರೂ ಕಡೆ ಕೇಳಿ. ಕೇಳುವಾಗ ಮಕ್ಕಳ ಪುಸ್ತಕ ಅನ್ನಬೇಡಿ, ಅಕ್ಷರಮಾಲೆ ಪಂಚತಂತ್ರ ತಂದು ಕೊಡ್ತಾರೆ. ಪ್ರಕಾಶಕರ ಹೆಸರು ಹೇಳಿ ಕೇಳಿ.

ಅಚ್ಚುಮನೆ:

ನಾನು ಚಾಮರಾಜಪೇಟೆ ಕಡೆ ಡಿಟಿಪಿ ಕೆಲಸ ಮಾಡ್ತೀನಿ, ಪುಸ್ತಕದ ಪುಟ ಕಟ್ಟೋದು, 18 ವರ್ಷ ಆಯ್ತು. ಒತ್ತಕ್ಷರ ಒಡೆದಿದೆ ಅಂದ್ರಲ್ಲ, ಅದು ಓದಿ ಹೊಟ್ಟೆ ಉರೀತು ಅದಕ್ಕೇ ಬರೀತಿದೀನಿ.

ಅದು ಬಹಳಷ್ಟು ಸಲ ಫಾಂಟಿನ ತಪ್ಪಲ್ಲ. ಪುಟ ಕಟ್ಟೋ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕಂಪೋಸರ್ ಅಂತ ಒಂದು ಸೆಟ್ಟಿಂಗ್ ಇದೆ, ಭಾರತೀಯ ಭಾಷೆಗಳಿಗೆ ವರ್ಲ್ಡ್ ರೆಡಿ ಅನ್ನೋದನ್ನ ಆರಿಸ್ಬೇಕು. ಅದು ಆರಿಸದೆ ಯೂನಿಕೋಡ್ ಕನ್ನಡ ತಂದು ಪೇಸ್ಟ್ ಮಾಡಿದ್ರೆ ಒತ್ತು ಕೆಳಗೆ ಕೂರಲ್ಲ, ಅರ್ಕಾವತ್ತು ಜಾಗ ತಪ್ಪುತ್ತೆ. ಕನ್ನಡ ಓದೋಕೆ ಬರೋರು ಒಬ್ರು ನೋಡಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ, ಆದ್ರೆ ಒಂದೇ ಕಡೆ ಕೂತು ಎಂಟು ಹತ್ತು ಭಾಷೆ ಪುಟ ಕಟ್ಟುವಾಗ ಕನ್ನಡ ಬಲ್ಲೋರ ಕಣ್ಣಿಗೆ ತೋರಿಸ್ದೆ ಪ್ರಿಂಟಿಗೆ ಕಳಿಸಿರ್ತಾರೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿಂದ ಯೂನಿಕೋಡಿಗೆ ಬದಲಾಯಿಸುವಾಗಲೂ ಕೆಲವು ಅಕ್ಷರ ಕೆಡುತ್ತೆ, ಅದು ಬೇರೆ ಕಾಯಿಲೆ. ಆನ್‌ಲೈನ್‌ನಲ್ಲಿ ತರಿಸೋ ಮುಂಚೆ ಒಳಪುಟದ ಫೋಟೋ ದೊಡ್ಡದು ಮಾಡಿ ನೋಡಿ, ಒಂದು ಅರ್ಕಾವತ್ತು, ಒಂದು ಎರಡು ಒತ್ತು ಇರೋ ಪದ, ಇವೆರಡು ಸರಿ ಇದ್ರೆ ಉಳಿದಿದ್ದೂ ಬಹುತೇಕ ಸರಿ ಇರುತ್ತೆ. ಒಡೆದಿರೋ ಪುಸ್ತಕ ದಯವಿಟ್ಟು ವಾಪಸ್ ಕಳಿಸಿ, ಕಾರಣ ಬರೆದು ಕಳಿಸಿ. ಮಗು ಮೊದಲನೇ ಸಲ ನೋಡೋ ಅಮ್ಮ ಅನ್ನೋ ಪದ ಸರಿಯಾಗಿರ್ಬೇಕು.

ಇನ್ನೊಂದು ವಿಷಯ ಹೇಳ್ತೀನಿ, ಪುಸ್ತಕ ನೋಡೋ ಕಣ್ಣು ಬೇರೆ ಆಗುತ್ತೆ. ಬಣ್ಣದ ಪ್ರಿಂಟಿಂಗ್ ಅಂದ್ರೆ ನಾಲ್ಕು ಪ್ಲೇಟು, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ತಗಡು, ಸಯಾನ್ ಮೆಜೆಂಟಾ ಹಳದಿ ಕಪ್ಪು. ಒಂದೇ ಪುಸ್ತಕ ಹಲವು ಭಾಷೇಲಿ ಮಾಡುವಾಗ ಚಿತ್ರ ಎಲ್ಲಕ್ಕೂ ಒಂದೇ, ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲಿ ಇಟ್ರೆ ಭಾಷೆ ಬದಲಾಯಿಸೋಕೆ ಆ ಒಂದು ಪ್ಲೇಟ್ ಬದಲಾಯಿಸಿದ್ರೆ ಸಾಕು, ಉಳಿದ ಮೂರೂ ಹಾಗೇ ಓಡುತ್ತೆ. ಕನ್ನಡಕ್ಕೆ ಒಂದೋ ಎರಡೋ ಸಾವಿರ ಪ್ರತಿ ಸಾಕಾದ್ರೂ ಬಣ್ಣದ ಖರ್ಚು ಎಲ್ಲಾ ಭಾಷೆಗಳ ಮೇಲೆ ಹಂಚಿಹೋಗುತ್ತೆ, ಅದಕ್ಕೇ ಈಗ ಇಷ್ಟಾದ್ರೂ ಹೊಸ ಪುಸ್ತಕ ಕನ್ನಡದಲ್ಲಿ ಕಮ್ಮಿ ಬೆಲೆಗೆ ಬರ್ತಿರೋದು. ಇದು ದೊಡ್ಡ ಉಪಕಾರಾನೇ. ಆದ್ರೆ ಇದಕ್ಕೆ ತೆರೋ ಬೆಲೆನೂ ಇದೆ. ನೀಲಿ ಆಕಾಶದ ಮೇಲೆ ಬಿಳಿ ಅಕ್ಷರ ಬೇಕು ಅಂದ್ರೆ ಬೇರೆ ಪ್ಲೇಟುಗಳೂ ಬದಲಾಗ್ಬೇಕು, ಹಾಗಾಗಿ ಅಕ್ಷರಕ್ಕೆ ಅಂತ ತಿಳಿ ಬಣ್ಣದ ಒಂದು ಜಾಗ ಬಿಟ್ಟಿರ್ತಾರೆ, ಆ ಜಾಗ ಬೇರೆ ಭಾಷೆಯ ಅಳತೆಗೆ ಬಿಟ್ಟಿರ್ತಾರೆ. ಕನ್ನಡಕ್ಕೆ ಒತ್ತು ಕೂರೋಕೆ ಸಾಲಿನ ಮಧ್ಯ ಜಾಗ ಜಾಸ್ತಿ ಬೇಕು, ಪದ ಉದ್ದ, ಸಿಕ್ಕಿದಲ್ಲಿ ಮುರಿಯೋಕಾಗಲ್ಲ. ಕೊನೆಗೆ ಏನ್ ಮಾಡ್ತಾರೆ, ಅಕ್ಷರ ಚಿಕ್ಕದು ಮಾಡಿ ತುರುಕ್ತಾರೆ. ಮಳೆ ಸುರಿಯೋ ಪುಟದಲ್ಲಿ ಅಕ್ಷರಾನೂ ಹನಿ ಹನಿಯಾಗಿ ಇಳಿಯೋ ಹಾಗೆ ಬರೆಯೋ ಅವಕಾಶ ಕನ್ನಡಕ್ಕೆ ಸಿಗೋದೇ ಅಪರೂಪ. ಕನ್ನಡದ ಅಕ್ಷರ ಎಷ್ಟು ಗುಂಡು ಗುಂಡಾಗಿದೆ, ಚಿತ್ರದ ಜೊತೆ ಎಷ್ಟು ಆಟ ಆಡಬಹುದು! ಕನ್ನಡದಲ್ಲೇ ಶುರುವಾದ ಚಿತ್ರಪುಸ್ತಕ ಸಿಕ್ಕಿದ್ರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದ್ರೂ ತಗೊಳ್ಳಿ ಅಂತ ನನ್ ಪ್ರಾರ್ಥನೆ.

ಬೋರ್ಡ್ ಬುಕ್ ಕನ್ನಡದಲ್ಲಿ ಕಥೆದು ಕಮ್ಮಿ. ದಪ್ಪ ರಟ್ಟು, ಪುಟ ಪುಟ ಅಂಟಿಸ್ಬೇಕು, ಮೂಲೆ ಗುಂಡಗೆ ಕತ್ತರಿಸೋಕೆ ಡೈ ಬೇಕು, ಸಾವಿರ ಪ್ರತಿಗೆ ಯಾರೂ ಕೈ ಹಾಕಲ್ಲ.

ಧಾರವಾಡದ_ಆಯಿ:

ನಮಸ್ಕಾರ್ರೀ. ನಾ ಧಾರವಾಡದಾಕಿ, ಸಾಲಿಯೊಳಗ ಕಲಿಸಿ ರಿಟೈರ್ ಆಗೇನಿ, ಈಗ ಎರಡೂವರಿ ವರ್ಷದ ಮೊಮ್ಮಗನ ಜೋಡಿ ದಿನಾ ಓದೂದು ಬಿಟ್ರ ಬ್ಯಾರೆ ಕೆಲಸಿಲ್ಲ. ಪುಸ್ತಕ ಯಾವ್ದು ತರಬೇಕು ಅಂತ ಅವರು ಹೇಳ್ಯಾರ, ತಂದ ಮ್ಯಾಲೆ ಹೆಂಗ ಓದಬೇಕು ಅನ್ನೂದು ನಾ ಹೇಳತೇನಿ.

ಪುಸ್ತಕದಾಗ ಇದ್ದಂಗ ಓದಬ್ಯಾಡ್ರಿ. ನಮ್ಮಲ್ಲಿ ಒಂದು ಪುಸ್ತಕದಾಗ ಮುದುಕಿ ಒಲಿ ಮುಂದ ಕುಂತಿರೂ ಚಿತ್ರ ಅದ, ಕೆಳಗ ಅಜ್ಜಿಯು ರೊಟ್ಟಿಯನ್ನು ತಟ್ಟುತ್ತಿದ್ದಾಳೆ ಅಂತ ಬರದಾರ. ಹಂಗ ಓದಿದೆ, ಹುಡುಗ ಸುಮ್ನ ನನ್ನ ಮಾರಿ ನೋಡಿದ. ಆಯಿ ರೊಟ್ಟಿ ಬಡ್ಯಾಕತ್ತಾಳ ನೋಡೋ ಅಂದೆ, ಲಗೂನ ಎದ್ದು ಅಡಗಿಮನಿ ಕಡೆ ಬಟ್ಟು ಮಾಡಿದ, ಅಲ್ಲೆ ಅವರವ್ವ ಖರೇನ ರೊಟ್ಟಿ ಬಡೀತಿದ್ಲು. ನಮ್ಮಲ್ಲಿ ಜ್ವಾಳದ ರೊಟ್ಟಿ ಬಡಿಯೂದು, ತಟ್ಟೂದಲ್ಲ. ಆ ಒಂದು ಮಾತಿನಿಂದ ಪುಸ್ತಕ ನಮ್ಮ ಮನಿದಾತು. ಅವತ್ತಿಂದ ನಾ ಎಲ್ಲಾ ಪುಸ್ತಕ ನಮ್ಮ ಮಾತಿನ್ಯಾಗ ಓದತೇನಿ. ಹೋಗುತ್ತಾನೆ ಅಂತಿದ್ರ ಹೊಂಟಾನ ಅಂತೇನಿ, ತಂಬಿಗೆ ಅಂತಿದ್ರ ಚರಗಿ ಅಂತೇನಿ.

ಇನ್ನೊಂದು, ಅವಸರ ಮಾಡಬ್ಯಾಡ್ರಿ. ಸಣ್ಣ ಹುಡುಗ್ರು ಅಕ್ಷರ ಓದೂದಿಲ್ಲ, ಚಿತ್ರ ಓದತಾವ. ಅದ ಪುಸ್ತಕದಾಗ ಬಾಗಲಾ ಹಿಂದ ಒಂದು ಕೋಳಿ ಇಣುಕತೇತಿ, ಬರದಿದ್ದ ಮಾತಿನ್ಯಾಗ ಕೋಳಿ ಸುದ್ದಿನ ಇಲ್ಲ. ನಾ ನೋಡೇ ಇದ್ದಿಲ್ಲ, ಅಂವ ಹುಡಕಿದ. ಮುಂದಿನ ಪುಟದಾಗ ಆ ಕೋಳಿ ಕಿಟಕಿ ಮ್ಯಾಲೆ ಅದ, ಅದರ ಮುಂದಿನದರಾಗ ರೊಟ್ಟಿ ಬುಟ್ಟಿ ಬಾಜೂಕ. ಚಿತ್ರ ಬಿಡಿಸಿದವ್ರು ತಮ್ಮದ ಒಂದು ಕತಿ ಬಾಜೂಕ ಹೇಳಿಕೋತ ಹೊಂಟಾರ. ಇಂಥಾ ಪುಸ್ತಕ ಖರೇ ಚಿತ್ರಪುಸ್ತಕ. ಮಾತಿನ್ಯಾಗ ಬೆಕ್ಕು ಅಂತಿದ್ರ ಚಿತ್ರದಾಗ ಒಂದು ಬೆಕ್ಕು, ಅಷ್ಟ ಇದ್ರ ಅದು ಎರಡ ದಿನದಾಗ ಮುಗೀತದ. ಅಂಗಡ್ಯಾಗ ನಿಂತು ಮಾತು ಓದದ ಬರೇ ಚಿತ್ರ ನೋಡಿಕೋತ ಹೋಗ್ರಿ, ಕತಿ ತಿಳೀತೈತೇನು, ಬರದದ್ದಕ್ಕಿಂತ ಹೆಚ್ಚಿಗೆ ಏನರೆ ಕಾಣತೈತೇನು, ಅದ ಪರೀಕ್ಷಾ.

ಶಬ್ದಮಣಿ:

ಆಯಿಯವರ ಮಾತು ಮನಸ್ಸಿಗೆ ಹತ್ರ ಆಯ್ತು, ಆದ್ರೆ ಒಂದು ವಿಷಯದಲ್ಲಿ ನನಗೆ ಬೇರೆ ಅನ್ಸುತ್ತೆ. ದಿನಾ ಮಾತು ಬದಲಾಯಿಸಿ ಓದಿದ್ರೆ ಮಗೂಗೆ ಅದೇ ಸಾಲು ಮತ್ತೆ ಮತ್ತೆ ಕೇಳೋ ಸುಖ ತಪ್ಪುತ್ತೆ. ನನ್ ಮಗ ನಾಲ್ಕು ವರ್ಷದಲ್ಲಿ ಒಂದು ಪುಸ್ತಕ ಪೂರ್ತಿ ಬಾಯಿಪಾಠ ಮಾಡಿ, ಬೆರಳು ಇಟ್ಕೊಂಡು ಓದೋ ಹಾಗೆ ಹೇಳ್ತಿದ್ದ, ನಾನು ಒಂದು ಪದ ತಪ್ಪಿದ್ರೆ ತಿದ್ದುತ್ತಿದ್ದ. ಅಕ್ಷರಕ್ಕೂ ಮಾತಿಗೂ ಸಂಬಂಧ ಇದೆ ಅಂತ ಅವನಿಗೆ ಗೊತ್ತಾಗಿದ್ದೇ ಹಾಗೆ. ಬರವಣಿಗೆ ಕನ್ನಡ ಕಿವಿಗೆ ಬೀಳದೇ ಇದ್ರೆ ಶಾಲೆಯ ಪಠ್ಯಪುಸ್ತಕ ಬಂದಾಗ ಅದು ಹೊಸ ಭಾಷೆ ಥರ ಕಾಣುತ್ತೆ.

ಧಾರವಾಡದ_ಆಯಿ:

ಖರೇ ಐತ್ರಿ, ನೀವು ಹೇಳಿದ್ದು ಒಪ್ಪೂವಂಥಾದ್ದ. ದಿನಾ ಬ್ಯಾರೆ ಬ್ಯಾರೆ ಅನ್ನೂದಿಲ್ಲ ನಾ, ಒಮ್ಮೆ ನಮ್ಮ ಮಾತಿನ್ಯಾಗ ಮಾಡಿಕೊಂಡ್ರ ಅದನ್ನ ಹಿಡೀತೇನಿ. ಸ್ಟೋರಿವೀವರ್ ಪುಸ್ತಕ ನಮ್ಮ ಮಗಾ ಪ್ರಿಂಟ್ ಹಾಕಿಸಿ ತಂದಿದ್ದ, ಅವು ಮುಕ್ತ ಲೈಸೆನ್ಸಿನವು, ಬರದವ್ರದು ಚಿತ್ರ ತಗದವ್ರದು ಹೆಸರು ಉಳಿಸಿ ಮಾತು ಬದಲಿ ಮಾಡಾಕ ಅಡ್ಡಿ ಇಲ್ಲ ಅಂದ. ನಾ ಪಟ್ಟಿ ಕತ್ತರಿಸಿ ನಮ್ಮ ಮಾತು ಬರದು ಮೂಲ ಸಾಲಿನ ಕೆಳಗ ಹಚ್ಚೇನಿ. ಮ್ಯಾಲೆ ಪುಸ್ತಕದ ಕನ್ನಡ, ಕೆಳಗ ಮನಿ ಕನ್ನಡ. ದೊಡ್ಡಾಂವ ಆದ ಮ್ಯಾಲೆ ಮ್ಯಾಲಿಂದು ಓದತಾನ.

ನಲಿಕಲಿ_ಟೀಚರ್:

ನಿಮ್ಮತ್ತೆಯವರ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಮೈಸೂರು ಕಡೆ ಸರ್ಕಾರಿ ಶಾಲೇಲಿ ಒಂದು ಎರಡು ಮೂರನೇ ಕ್ಲಾಸ್ ತಗೋತೀನಿ. 3 ವರ್ಷಕ್ಕೆ ಅಕ್ಷರ ಬೇಡ. ಈಗ ಅವಳ ತಲೇಲಿ ಮಾತು ತುಂಬಲಿ, ಅಕ್ಷರ ಆಮೇಲೆ ಅದಕ್ಕೆ ಅಂಟಿಕೊಳ್ಳುತ್ತೆ. ಮಾತಿಲ್ಲದ ಮಗೂಗೆ ಅಕ್ಷರ ಕಲಿಸೋದು ಎಷ್ಟು ಕಷ್ಟ ಅಂತ ನಾವು ದಿನಾ ನೋಡ್ತೀವಿ.

ಅಕ್ಷರ ಅಂದ ತಕ್ಷಣ ಅ ಆ ಇ ಈ ಇಂದಾನೇ ಶುರು ಆಗ್ಬೇಕು ಅಂತಾನೂ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿಂದ ನಲಿ-ಕಲಿ, ಅಂದ್ರೆ ಆಟ ಚಟುವಟಿಕೆ ಮೂಲಕ ಕಲಿಸೋ ಪದ್ಧತಿ, ಶುರುವಾದಾಗಿಂದ ನಮ್ಮ ಕ್ಲಾಸಲ್ಲಿ ಮೊದಲು ಬರೋದು ರ ಗ ಸ ದ ಅ. ಯಾಕಂದ್ರೆ ಈ ಐದು ಅಕ್ಷರ ಬಂದ್ರೆ ಸಾಕು, ಒತ್ತು ಬೇಡ ಗುಣಿತ ಬೇಡ, ಸರ, ಅಗಸ, ಅರಸ, ಗರಗಸ, ದಸರ, ಸರಸರ ಎಲ್ಲ ಮಕ್ಕಳು ತಾವೇ ಓದ್ತಾವೆ, ಮೊದಲನೇ ವಾರದಲ್ಲೇ ನನಗೆ ಓದೋಕೆ ಬಂತು ಅಂತ ಮುಖ ಅರಳುತ್ತೆ. ನಿಮ್ ಮಗಳಿಗೆ ಐದು ತುಂಬಿದ ಮೇಲೆ ತಾನೇ ಓದೋ ಪುಸ್ತಕ ಹುಡುಕುವಾಗ ಇದನ್ನ ನೆನಪಿಟ್ಕೊಳ್ಳಿ, ಒತ್ತಕ್ಷರ ಎಷ್ಟಿದೆ ಅಂತ ಎಣಿಸಿ. ಲೆವೆಲ್ 1 ಅಂತ ಬರೆದಿದ್ರೂ ಅನುವಾದ ಆದಾಗ ಕಥೆ ಸುಲಭ ಇರುತ್ತೆ, ಅಕ್ಷರ ಸುಲಭ ಇರಲ್ಲ. ಬೇರೆ ಭಾಷೇಲಿ ಚಿಕ್ಕ ಪದ ಇದ್ದಿದ್ದು ಕನ್ನಡಕ್ಕೆ ಬರುವಾಗ ಓಡುತ್ತಿದ್ದಾನೆ, ನಗುತ್ತಿದ್ದಾಳೆ ಅಂತ ಒಂದು ಪದಕ್ಕೆ ಎರಡು ಒತ್ತು ಆಗಿರುತ್ತೆ. ನೀವು ಓದಿ ಹೇಳೋಕೆ ಇದು ತೊಂದರೆ ಇಲ್ಲ, ಮಗು ತಾನೇ ಓದುವಾಗ ಕಾಲು ಎಡವುತ್ತೆ.

ಹಳ್ಳಿ ಕಡೆಯೋರು ಯಾರಾದ್ರೂ ಇದನ್ನ ಓದ್ತಿದ್ರೆ, ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಹೋಗಿ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದಾಗಿಂದ 6 ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ನಮ್ಮೂರಲ್ಲಿ ಅಕ್ಕಂದಿರ ಕಾರ್ಡಲ್ಲಿ ತಂಗಿ ತಮ್ಮಂದಿರಿಗೆ ಚಿತ್ರಪುಸ್ತಕ ಹೋಗುತ್ತೆ, ಮೇಲ್ವಿಚಾರಕರು ನಗ್ತಾ ಬರ್ಕೊಂಡು ಕೊಡ್ತಾರೆ.

ಪುತ್ತೂರಿನ_ಅಪ್ಪ:

ನಮ್ಮ ಮನೆಯಲ್ಲಿ ತುಳು ಮಾತಾಡುವುದು ಮಾರಾಯ್ರೆ, ಕನ್ನಡ ಮಗಳಿಗೆ ಬಂದದ್ದೇ ಪುಸ್ತಕದಿಂದ ಮತ್ತು ಅಂಗನವಾಡಿಯಿಂದ. ಮೊದಲು ಚಿತ್ರ ಇಟ್ಟುಕೊಂಡು ತುಳುವಿನಲ್ಲಿ ಕಥೆ ಹೇಳುವುದು, ನಾಲ್ಕೈದು ದಿನ ಕಳೆದ ಮೇಲೆ ಅದೇ ಪುಸ್ತಕ ಕನ್ನಡದಲ್ಲಿ ಓದುವುದು. ಕಥೆ ಗೊತ್ತುಂಟಲ್ಲ, ಹಾಗಾಗಿ ಪದ ಹೊಸತಾದ್ರೂ ಹೆದರಿಕೆ ಇಲ್ಲ.

ನಾನು ಪುಸ್ತಕ ಆರಿಸುವುದು ಕಿವಿಯಿಂದ. ಅಂಗಡಿಯಲ್ಲೇ ನಿಂತು ಮೂರು ಸಾಲು ಜೋರಾಗಿ ಓದುವುದು, ಯಾರು ನೋಡಿದ್ರೂ ತೊಂದರೆ ಇಲ್ಲ. ಬಾಯಲ್ಲಿ ಓಡ್ತದಾ, ಇಲ್ಲ ಕಲ್ಲು ಸಿಕ್ಕಿದ ಹಾಗೆ ಆಗ್ತದಾ ಅಂತ ಗೊತ್ತಾಗ್ತದೆ. ಕನ್ನಡದಲ್ಲಿ ಶಬ್ದಕ್ಕೆ ಎಷ್ಟು ಪದ ಉಂಟು ನೋಡಿ, ತೆಂಗಿನಕಾಯಿ ಧೊಪ್ಪ ಬೀಳ್ತದೆ, ಮಳೆ ಧೋ ಅಂತ ಸುರೀತದೆ, ಕಪ್ಪೆ ಬುಳುಂಕ್ಕ ಹಾರ್ತದೆ, ಒಣಗಿದ ಎಲೆ ಚರಪರ ಅಂತದೆ. ಚಂದದ ಅನುವಾದದಲ್ಲಿ ಇದೆಲ್ಲ ಬಂದಿರ್ತದೆ, ಅವಸರದ ಅನುವಾದದಲ್ಲಿ ಜೋರಾಗಿ ಶಬ್ದ ಮಾಡುತ್ತಾ ಬಿದ್ದಿತು ಅಂತ ಇರ್ತದೆ. ಮಕ್ಕಳಿಗೆ ಬೇಕಾದ್ದು ಆ ಧೊಪ್ಪ.

ನಮ್ಮ ಕಡೆಯ ಪಂಜೆ ಮಂಗೇಶರಾಯರು ಬಂಟ್ವಾಳದವರು, ಮೇಷ್ಟ್ರು, ನೂರು ವರ್ಷದ ಹಿಂದೆಯೇ ಮಕ್ಕಳಿಗಾಗಿ ಬರೆಯುವಾಗ ಕಿವಿಗೆ ಕುಣಿತ ಬೇಕು ಅಂತ ಗೊತ್ತಿದ್ದವರು. ಅಂಥ ಹಾಡಿಗೆ ಈಗಿನ ಒಳ್ಳೆ ಚಿತ್ರಕಾರರು ಪುಟಕ್ಕೆ ಎರಡು ಸಾಲಿನ ಹಾಗೆ ಚಿತ್ರ ಬಿಡಿಸಿ ಒಂದೊಂದೇ ಹಾಡಿಗೆ ಒಂದೊಂದು ಪುಸ್ತಕ ಮಾಡಿದ್ರೆ ನಾನು ಹತ್ತು ಪ್ರತಿ ತೆಗೆದುಕೊಂಡು ಊರಿನ ಅಂಗನವಾಡಿಗೆಲ್ಲ ಕೊಡ್ತೇನೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅಷ್ಟೇ ಅಲ್ವಾ, ಅದು ಯಾವಾಗಲೋ ಮುಗಿದಿದೆ, ಅನುಮತಿಯ ತಲೆನೋವೂ ಇಲ್ಲ. ಇಲ್ಲಿ ಚಿತ್ರ ಬಿಡಿಸುವವರು ಯಾರಾದ್ರೂ ಇದ್ರೆ ದಯವಿಟ್ಟು ಯೋಚನೆ ಮಾಡಿ.

ಡಲ್ಲಾಸ್_ಕನ್ನಡತಿ:

ಇಲ್ಲಿಗೆ ಪುಸ್ತಕ ತರಿಸೋಕೆ ಪುಸ್ತಕಕ್ಕಿಂತ ಪೋಸ್ಟ್ ಖರ್ಚೇ ಜಾಸ್ತಿ, ಹಾಗಾಗಿ ಊರಿಂದ ಬರೋರ ಸೂಟ್‌ಕೇಸಲ್ಲಿ ಹತ್ತತ್ತು ತರಿಸ್ತೀನಿ, ತೆಳ್ಳಗಿನ ಪುಸ್ತಕ ಆಗಿರೋದ್ರಿಂದ ಭಾರ ಇರಲ್ಲ. ಮಧ್ಯದಲ್ಲಿ ಸ್ಟೋರಿವೀವರ್ ಪಿಡಿಎಫ್ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿ ಸ್ಪೈರಲ್ ಹಾಕಿಸ್ತೀನಿ, ಹರಿಯಲ್ಲ, ಜೊಲ್ಲು ಬಿದ್ರೆ ಒರೆಸ್ಬಹುದು, ನಿಮ್ ಚಿಕ್ಕವನಿಗೆ ಬೋರ್ಡ್ ಬುಕ್ ಬದಲು ಇದು ನೋಡಿ, ಮೂಲೆ ಮಾತ್ರ ಕತ್ತರೀಲಿ ಗುಂಡಗೆ ಮಾಡಿ ಇಲ್ದಿದ್ರೆ ಚುಚ್ಚುತ್ತೆ.

ನಮ್ಮ ಪಬ್ಲಿಕ್ ಲೈಬ್ರರೀಲಿ ಹಿಂದಿ ತಮಿಳು ತೆಲುಗು ಶೆಲ್ಫ್ ಇತ್ತು, ಕನ್ನಡ ಇರ್ಲಿಲ್ಲ. ಪುಸ್ತಕ ತರಿಸಿ ಅಂತ ಕೇಳೋ ಫಾರ್ಮ್ ಇರುತ್ತೆ, ನಾವು ಆರು ಮನೆಯವ್ರು ಕೂತು ಪುಸ್ತಕದ ಹೆಸರು ಪ್ರಕಾಶಕರ ಹೆಸರು ಎಲ್ಲ ಸರಿಯಾಗಿ ತುಂಬಿ ಕೊಟ್ವಿ, ವರ್ಷ ಆಗೋಷ್ಟ್ರಲ್ಲಿ ಒಂದು ಸಾಲು ಕನ್ನಡ ಚಿತ್ರಪುಸ್ತಕ ಬಂತು. ಮಗಳು ಲೈಬ್ರರಿಯಲ್ಲಿ ನಮ್ಮ ಅಕ್ಷರ ನೋಡಿ ಕೂಗಿದ್ದು ಇನ್ನೂ ಕಿವೀಲಿದೆ. ಹೊರದೇಶದಲ್ಲಿರೋರು ಕೇಳಿ, ಕೇಳಿದ್ರೆ ತರಿಸ್ತಾರೆ.

ಪುಟ್ಟಿಯಮ್ಮ_ವಿಜಯನಗರ:

ಮೂರು ವಾರ ಆದ್ಮೇಲೆ ಬರೀತಿದೀನಿ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಗಾಂಧಿನಗರ, ಭಾನುವಾರ ಗಾಂಧಿಬಜಾರು ಸುತ್ತಿದ್ವಿ. ಪ್ರಕಾಶಕರ ಹೆಸರು ಹೇಳಿ ಕೇಳಿದ ತಕ್ಷಣ ಒಳಗಿಂದ ಒಂದು ಕಟ್ಟು ತಂದು ಹರಡಿದ್ರು, ಅದು ಶೆಲ್ಫಲ್ಲಿ ಇರ್ಲೇ ಇಲ್ಲ. ಅರ್ಧ ಗಂಟೆ ನೆಲದ ಮೇಲೆ ಕೂತು ಆಯಿಯವ್ರು ಹೇಳಿದ ಹಾಗೆ ಬರೀ ಚಿತ್ರ ನೋಡಿ, ಪುತ್ತೂರಿನವ್ರು ಹೇಳಿದ ಹಾಗೆ ಜೋರಾಗಿ ಓದಿ, ಹನ್ನೊಂದರಲ್ಲಿ ಆರು ಆರಿಸಿದೆ, ಎಲ್ಲಾ ಸೇರಿ 430 ರೂಪಾಯಿ. ಒಡೆದ ಅಕ್ಷರದ್ದು ವಾಪಸ್ ಕಳಿಸಿದೆ, ಕಾರಣಾನೂ ಬರೆದೆ.

ಆರರಲ್ಲಿ ಒಂದನ್ನ ಅವಳು ಮುಟ್ತಾನೇ ಇಲ್ಲ, ನನಗೆ ಅದೇ ತುಂಬಾ ಇಷ್ಟ ಆಗಿತ್ತು. ಇನ್ನೊಂದರಲ್ಲಿ ಹಲಸಿನಹಣ್ಣು ಬೀಳೋ ಪುಟ ಇದೆ, ದಿನಾ ಏಳೆಂಟು ಸಲ ಅದೇ ಪುಟ, ನಾನು ಧೊಪ್ ಅನ್ಬೇಕು ಅವಳು ಮಂಚದ ಮೇಲೆ ಬೀಳ್ಬೇಕು. ಅತ್ತೆಯವ್ರು ಬಂದಿದಾರೆ, ನಲಿ-ಕಲಿ ಟೀಚರ್ ಬರೆದಿದ್ದು ಓದಿ ಹೇಳಿದೆ. ಗರಗಸ ದಸರ ಅಂತ ತಾವೇ ಕಾಗದದ ಮೇಲೆ ಬರೆದು ನೋಡಿ ಹೌದಲ್ಲ ಅಂದ್ರು. ಈಗ ಮಧ್ಯಾಹ್ನದ ಪುಸ್ತಕ ಅವ್ರದ್ದೇ, ಹಾಸನದ ಮಾತಲ್ಲಿ ಓದ್ತಾರೆ, ನಾನು ಓದೋದಕ್ಕಿಂತ ಚೆನ್ನಾಗಿದೆ.

ಅಚ್ಚುಮನೆಯವ್ರಿಗೆ ಒಂದು ಪ್ರಶ್ನೆ. ಮನೇಲಿರೋ ಇಂಗ್ಲಿಷ್ ಬೋರ್ಡ್ ಬುಕ್‌ಗಳ ಸಾಲಿನ ಮೇಲೆ ಕನ್ನಡ ಪಟ್ಟಿ ಅಂಟಿಸೋಣ ಅಂತ ಇದೀವಿ, ಚಿಕ್ಕವನಿಗೆ. ನಮ್ಮನೆಯವ್ರು ಕಂಪ್ಯೂಟರಲ್ಲಿ ಟೈಪ್ ಮಾಡಿದಾರೆ. ಯಾವ ಕಾಗದ, ಅಕ್ಷರ ಎಷ್ಟು ದೊಡ್ಡದು?

ಅಚ್ಚುಮನೆ:

ಒಳ್ಳೆ ಕೆಲಸ ಮೇಡಂ. ಸ್ಟಿಕ್ಕರ್ ಶೀಟ್ ತಗೊಳ್ಳಿ, ಲೇಸರ್ ಪ್ರಿಂಟ್ ಹಾಕಿಸಿ, ಇಂಕ್‌ಜೆಟ್ ಬೇಡ, ಒದ್ದೆಯಾದ್ರೆ ಹರಡುತ್ತೆ. ಅಕ್ಷರ 24 ಪಾಯಿಂಟಿಗೆ ಕಮ್ಮಿ ಬೇಡ, ಒಂದು ಸಾಲಿಂದ ಮುಂದಿನ ಸಾಲಿಗೆ 36 ಪಾಯಿಂಟ್ ಇಡಿ, ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಲ್ಲ. ಅಂಟಿಸಿದ ಮೇಲೆ ಅಗಲದ ಪಾರದರ್ಶಕ ಟೇಪ್ ಪುಟದ ಅಂಚಿನವರೆಗೂ ಎಳೆದು ಹಿಂದಕ್ಕೆ ಮಡಚಿ ಅಂಟಿಸಿ, ಅಂಚು ಬಿಟ್ರೆ ಚಿಕ್ಕವನು ಕಿತ್ತು ಬಾಯಿಗೆ ಹಾಕ್ಕೋತಾನೆ. ಪ್ರಿಂಟ್ ಹಾಕೋ ಮುಂಚೆ ಫೈಲ್ ಬೇಕಾದ್ರೆ ನನಗೆ ಕಳಿಸಿ, ಒತ್ತಕ್ಷರ ಎಲ್ಲ ಒಂದ್ಸಲ ನೋಡಿ ಕೊಡ್ತೀನಿ.